ಮೂರು ಸೀಟಿನ ಬಹುಮತ, ಒಂದು ಮತದ ಸೋಲು

ಸದನದಲ್ಲಿ ತಲೆ ಎಣಿಸುವ ಕೆಲಸವನ್ನು ನಾನು ವರ್ಷಗಟ್ಟಲೆ ಮಾಡಿದ್ದೇನೆ. ಒಂದೊಂದೇ ಸಾಲಿನ ಸದಸ್ಯರು ಎದ್ದು ನಿಲ್ಲುತ್ತಾರೆ, ನಾವು ಹಾಳೆಯಲ್ಲಿ ಗುರುತು ಹಾಕುತ್ತಾ ಹೋಗುತ್ತೇವೆ. ಎರಡು ಕಡೆಯ ಬಲ ಹತ್ತಿರ ಹತ್ತಿರ ಇದ್ದ ದಿನ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅಂಗೈ ಬೆವರಿರುತ್ತದೆ. ಬಹುಮತ ಅಂದರೆ ನಿಜಕ್ಕೂ ಏನು ಎಂದು ಹೊಸಬರು ಕೇಳಿದರೆ ನಾನು ಹೇಳುವುದು ಬ್ರಿಟನ್ನಿನ ಕಥೆ. 1974ರ ಅಕ್ಟೋಬರ್‌ನಲ್ಲಿ ಆಯ್ಕೆಯಾಗಿ, 1979ರ ವಸಂತದಲ್ಲಿ ಮುಗಿದ ಸಂಸತ್ತಿನ ಕಥೆ.

ಆ ಚುನಾವಣೆಯಲ್ಲಿ ಹೆರಾಲ್ಡ್ ವಿಲ್ಸನ್ ಅವರ ಲೇಬರ್ ಪಕ್ಷಕ್ಕೆ 635ರಲ್ಲಿ 319 ಸೀಟು ಬಂತು. ಉಳಿದವರೆಲ್ಲ ಸೇರಿದರೆ 316. ಅಂದರೆ ಮೂರೇ ಮೂರರ ಬಹುಮತ. ಅದು ಕರಗಲು ಜಾಸ್ತಿ ದಿನ ಬೇಕಾಗಲಿಲ್ಲ. ಒಬ್ಬ ಸದಸ್ಯರು ತೀರಿಕೊಂಡರು, 1975ರ ಉಪಚುನಾವಣೆಯಲ್ಲಿ ಅವರ ಕ್ಷೇತ್ರ ವುಲಿಚ್ ವೆಸ್ಟ್ ಕೈಬಿಟ್ಟಿತು. ಲೇಬರ್ ಸದಸ್ಯ ಜಾನ್ ಸ್ಟೋನ್‌ಹೌಸ್ ಮಯಾಮಿಯ ಸಮುದ್ರ ದಂಡೆಯಲ್ಲಿ ಬಟ್ಟೆ ಬಿಟ್ಟು ಸತ್ತವರಂತೆ ಮಾಯವಾದರು, ಆಮೇಲೆ ಆಸ್ಟ್ರೇಲಿಯಾದಲ್ಲಿ ಸಿಕ್ಕಿಬಿದ್ದರು. ಇಬ್ಬರು ಸ್ಕಾಟಿಷ್ ಸದಸ್ಯರು ಬೇರೆ ಪಕ್ಷ ಕಟ್ಟಿದರು. 1976ರ ಏಪ್ರಿಲ್‌ನಲ್ಲಿ ವಿಲ್ಸನ್ ಜಾಗಕ್ಕೆ ಜೇಮ್ಸ್ ಕ್ಯಾಲಹನ್ ಪ್ರಧಾನಿಯಾದ ಹೊತ್ತಿಗೆ ಬಹುಮತ ಹೋಗಿಯೇ ಬಿಟ್ಟಿತ್ತು. 1977ರಲ್ಲಿ ಆ್ಯಶ್‌ಫೀಲ್ಡ್‌ನಲ್ಲಿ 20 ಸಾವಿರಕ್ಕೂ ಹೆಚ್ಚಿನ ಅಂತರ ಇದ್ದ ಸೀಟು ಕೂಡ ಹೋಯಿತು.

ಆದರೂ ಬಹುಮತ ಹೋದ ಮೇಲೆ ಸರ್ಕಾರ ಇನ್ನೂ ಮೂರು ವರ್ಷ ನಡೆಯಿತು. ಹೇಗೆ?

ಅದಕ್ಕೆ ಅಲ್ಲಿನ ಮತದಾನದ ಕ್ರಮ ಗೊತ್ತಿರಬೇಕು. ಗಂಟೆ ಬಾರಿಸಿದ ಮೇಲೆ ಸದಸ್ಯರು ಎದ್ದು, 'ಹೌದು' ಅನ್ನುವವರು ಒಂದು ಲಾಬಿಗೆ, ಅಂದರೆ ಸದನದ ಪಕ್ಕದ ಮೊಗಸಾಲೆಗೆ, 'ಇಲ್ಲ' ಅನ್ನುವವರು ಇನ್ನೊಂದು ಲಾಬಿಗೆ ನಡೆಯಬೇಕಿತ್ತು. ಮೈ ಅಲ್ಲಿರಬೇಕಿತ್ತು. ಕಾಯಿಲೆಯವರಿಗೆ ಒಂದು ರಿಯಾಯಿತಿ ಇತ್ತು: ಸಂಸತ್ತಿನ ಆವರಣದೊಳಗೆ ಬಂದರೆ ಸಾಕು. ಆಂಬ್ಯುಲೆನ್ಸ್ ಅಂಗಳದಲ್ಲಿ ನಿಲ್ಲುತ್ತಿತ್ತು, ಸದಸ್ಯರು ಒಳಗೆ ಮಲಗಿದ್ದರೂ ಅವರ ಮತ ಲೆಕ್ಕಕ್ಕೆ ಬರುತ್ತಿತ್ತು.

ಇನ್ನೊಂದು ಪದ್ಧತಿ ಪೇರಿಂಗ್, ಜೋಡಿ ಕಟ್ಟುವುದು. ನಮ್ಮ ಕಡೆಯ ಒಬ್ಬರು ಬರಲಾಗದಿದ್ದರೆ ನಿಮ್ಮ ಕಡೆಯ ಒಬ್ಬರೂ ಮತ ಹಾಕುವುದಿಲ್ಲ ಎಂಬ ಒಪ್ಪಂದ. ಬರೀ ಬಾಯಿಮಾತು. ಅದು ಮುರಿದರೆ ಎಷ್ಟು ಕೆಡುತ್ತದೆ ಎಂದು 1976ರ ಮೇ 27ರಂದು ಎಲ್ಲರೂ ಕಂಡರು. ವಿಮಾನ ಮತ್ತು ಹಡಗು ಕಟ್ಟುವ ಕಾರ್ಖಾನೆಗಳ ರಾಷ್ಟ್ರೀಕರಣದ ಮಸೂದೆ ಅದು. ಮೊದಲ ಮತದಾನ 303-303. ಮುಂದಿನದರಲ್ಲಿ ಸರ್ಕಾರ ಒಂದೇ ಮತದಿಂದ ಗೆದ್ದಿತು. ಲೇಬರ್ ಪಕ್ಷದವರು ಜೋಡಿ ಮುರಿದರು ಎಂದು ವಿರೋಧ ಪಕ್ಷವಾದ ಕನ್ಸರ್ವೇಟಿವ್ ಪಕ್ಷ ಕೂಗಾಡಿತು. ಆ ಪಕ್ಷದ ಮೈಕಲ್ ಹೆಸೆಲ್ಟೈನ್ ಮೇಜಿನ ಮೇಲಿನ ರಾಜದಂಡವನ್ನೇ ಎತ್ತಿ ಹಿಡಿದರು. ಕೆಲಕಾಲ ಪೇರಿಂಗ್ ನಿಂತೇ ಹೋಯಿತು.

1977ರ ಮಾರ್ಚ್‌ನಲ್ಲಿ ಡೇವಿಡ್ ಸ್ಟೀಲ್ ಅವರ 13 ಲಿಬರಲ್ ಸದಸ್ಯರು ಕೈಹಿಡಿದರು. ಮರುವರ್ಷ ಅವರೂ ಬಿಟ್ಟರು. 1979ರ ಮಾರ್ಚ್ 1ರಂದು ಸ್ಕಾಟ್ಲೆಂಡ್‌ನಲ್ಲಿ ಪ್ರತ್ಯೇಕ ವಿಧಾನಸಭೆಗಾಗಿ ಜನಮತಗಣನೆ ನಡೆಯಿತು. ಮತ ಹಾಕಿದವರಲ್ಲಿ ಹೆಚ್ಚಿನವರು 'ಬೇಕು' ಅಂದರು. ಆದರೆ ಒಟ್ಟು ಮತದಾರರಲ್ಲಿ ಶೇ. 40 ಜನ ಒಪ್ಪಬೇಕು ಎಂಬ ಷರತ್ತಿತ್ತು, ಅಷ್ಟು ಬರಲಿಲ್ಲ. 11 ಮಂದಿ ಸ್ಕಾಟಿಷ್ ರಾಷ್ಟ್ರೀಯವಾದಿಗಳು ತಿರುಗಿಬಿದ್ದರು. ವಿರೋಧ ಪಕ್ಷದ ನಾಯಕಿ ಮಾರ್ಗರೆಟ್ ಥ್ಯಾಚರ್ ಅವಿಶ್ವಾಸ ನಿರ್ಣಯ ತಂದರು. ಮಾರ್ಚ್ 28ಕ್ಕೆ ದಿನ ಗೊತ್ತಾಯಿತು.

ಆಗ ಒಂದೊಂದು ಮತಕ್ಕೂ ಓಡಾಟ. ವೇಲ್ಸ್‌ನ ಪ್ಲೈಡ್ ಕಮ್ರಿ ಪಕ್ಷದ ಮೂವರು ಸರ್ಕಾರದ ಜೊತೆ ನಿಂತರು. ಅವರು ಕೇಳಿದ್ದು ಸ್ಲೇಟು ಕಲ್ಲಿನ ಗಣಿಗಳಲ್ಲಿ ಧೂಳು ಕುಡಿದು ಶ್ವಾಸಕೋಶ ಕೆಟ್ಟ ಕೂಲಿಗಳಿಗೆ ಪರಿಹಾರ. ಅದೇ ವರ್ಷ ಕಾನೂನೂ ಆಯಿತು. ಇಂಥ ಮಾತುಕತೆಯನ್ನು ಸುಮ್ನೆ ವ್ಯಾಪಾರ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಉತ್ತರ ಐರ್ಲೆಂಡ್‌ನಿಂದ ಸದಸ್ಯ ಫ್ರಾಂಕ್ ಮಗ್ವೈರ್ ಲಂಡನ್‌ವರೆಗೂ ಬಂದರು, ಯಾರಿಗೂ ಮತ ಹಾಕದೆ ಕೂತರು. ಅಲ್ಲಿಯವರೇ ಆದ ಜೆರ್ರಿ ಫಿಟ್ ಸರ್ಕಾರದ ವಿರುದ್ಧ ಹಾಕಿದರು.

ಉಳಿದದ್ದು ಸರ್ ಆಲ್ಫ್ರೆಡ್ ಬ್ರಾಟನ್. ಯಾರ್ಕ್‌ಷೈರ್‌ನ ಬ್ಯಾಟ್ಲಿ ಅಂಡ್ ಮಾರ್ಲಿ ಕ್ಷೇತ್ರದ ಲೇಬರ್ ಸದಸ್ಯರು, 76 ವರ್ಷ, ತಾವೇ ವೈದ್ಯರು. ಹಾಸಿಗೆ ಹಿಡಿದಿದ್ದರು. ಆಂಬ್ಯುಲೆನ್ಸ್‌ನಲ್ಲಿ ಬರಲು ಅವರು ಸಿದ್ಧ. ದಾರಿಯಲ್ಲೇ ಜೀವ ಹೋಗಬಹುದು ಎಂಬ ಭಯ ಎಲ್ಲರಿಗೂ ಇತ್ತು.

ಲೇಬರ್ ಪಕ್ಷದ ಉಪ ಮುಖ್ಯ ಸಚೇತಕ ವಾಲ್ಟರ್ ಹ್ಯಾರಿಸನ್ ಆಗ ಎದುರು ಪಕ್ಷದ ಸಚೇತಕ ಬರ್ನಾರ್ಡ್ ವೆದರಿಲ್ ಬಳಿ ಹೋದರು. ವೆದರಿಲ್ ದರ್ಜಿ ಮನೆತನದವರು, ಜೇಬಿನಲ್ಲಿ ಸದಾ ಒಂದು ಅಂಗುಸ್ತಾನ ಇಟ್ಟುಕೊಳ್ಳುತ್ತಿದ್ದರು. ಕಾಯಿಲೆಯವರಿಗೆ ಜೋಡಿ ಕೊಡುತ್ತೇವೆ ಎಂದು ಮಾತಾಗಿತ್ತಲ್ವಾ ಎಂದು ಹ್ಯಾರಿಸನ್ ಕೇಳಿದರು. ವಿಶ್ವಾಸದ ಪ್ರಶ್ನೆಗೆ ಆ ಮಾತು ಅನ್ವಯಿಸುವುದಿಲ್ಲ, ನಮ್ಮವರು ಯಾರೂ ಒಪ್ಪುವುದಿಲ್ಲ ಅಂದರು ವೆದರಿಲ್. ಆಮೇಲೆ, ಕೊಟ್ಟ ಮಾತಿಗಾಗಿ ನಾನೇ ಮತ ಹಾಕದೆ ಉಳಿಯುತ್ತೇನೆ ಅಂದರು. ಹಾಗೆ ಮಾಡಿದ್ದರೆ ಅವರ ರಾಜಕೀಯ ಅಲ್ಲಿಗೇ ಮುಗಿಯುತ್ತಿತ್ತು. ಹ್ಯಾರಿಸನ್ ಅದನ್ನು ಒಪ್ಪಲಿಲ್ಲ, ಅವರನ್ನು ಮಾತಿನಿಂದ ಬಿಡಿಸಿದರು. ಬ್ರಾಟನ್ ಅವರನ್ನೂ ಕರೆಸಲಿಲ್ಲ.

ರಾತ್ರಿ ಹತ್ತು ದಾಟಿದ ಮೇಲೆ ಫಲಿತಾಂಶ ಬಂತು. ನಿರ್ಣಯದ ಪರ 311, ವಿರುದ್ಧ 310. 1924ರ ನಂತರ ಇಂಥ ಸೋಲಿಗೆ ಬ್ರಿಟನ್ನಿನಲ್ಲಿ ಸರ್ಕಾರ ಬಿದ್ದದ್ದು ಅದೇ ಮೊದಲು. ಬ್ರಾಟನ್ ಬಂದಿದ್ದರೆ 311-311. ಸಮವಾದರೆ ಸ್ಪೀಕರ್ ಇದ್ದ ಸ್ಥಿತಿಯನ್ನೇ ಉಳಿಸುವಂತೆ ಮತ ಹಾಕುವುದು ಅಲ್ಲಿನ ರೂಢಿ. ಹಾಗಾಗಿ ಆ ರಾತ್ರಿ ಸರ್ಕಾರ ಉಳಿಯುತ್ತಿತ್ತು.

ಈ ಲೆಕ್ಕವನ್ನು ನಾನು ಎಷ್ಟೋ ಸಲ ಕಾಗದದ ಮೇಲೆ ಹಾಕಿ ನೋಡಿದ್ದೇನೆ. ತಲೆ ಎಣಿಸುವುದೇ ನನ್ನ ಕೆಲಸವಾದರೂ, ಅವರನ್ನು ಕರೆಸದೇ ಇದ್ದದ್ದೇ ಸರಿ ಎಂದು ನನಗೆ ಪ್ರತಿ ಸಲವೂ ಅನ್ನಿಸಿದೆ. ಬ್ರಾಟನ್ ಏಪ್ರಿಲ್ 2ರಂದು ತೀರಿಕೊಂಡರು, ಮತದಾನ ನಡೆದ ಐದನೇ ದಿನ.