‘ನಾವು’ ಅಂದರೆ ಯಾರ್ಯಾರು?

ಬಳ್ಳಾರಿಯಿಂದ ಆಂಧ್ರದ ಗಡಿ ಕಡೆ ಹೊರಟರೆ ಕನ್ನಡದ ಜೊತೆ ತೆಲುಗೂ ಧಾರಾಳವಾಗಿ ಕಿವಿಗೆ ಬೀಳುತ್ತದೆ. ಅಲ್ಲಿ ತೆಲುಗಿನಲ್ಲಿ ಮತ ಕೇಳುವ ಅಭ್ಯರ್ಥಿಗೆ ಒಂದು ಇಕ್ಕಟ್ಟಿದೆ. ‘ಮನಂ’ ಅಂದರೆ ಕೇಳುವವರೂ ಸೇರಿದ ನಾವು. ‘ಮೇಮು’ ಅಂದರೆ ನಿಮ್ಮನ್ನು ಬಿಟ್ಟು ನಾವು. ಎರಡರಲ್ಲಿ ಒಂದನ್ನು ಆರಿಸಲೇಬೇಕು. ಇಂದಿನ ಕನ್ನಡಕ್ಕೆ ಆ ಕಾಟವಿಲ್ಲ, ಎರಡಕ್ಕೂ ‘ನಾವು’ ಸಾಕು. ಇಂಗ್ಲಿಷಿನ ‘ವಿ’ ಕೂಡ ಹಾಗೇ. ರಾಜಕಾರಣಿಗೆ ಇಷ್ಟು ಮಸುಕಿದ್ದರೇ ಅನುಕೂಲ.

ಇಂಗ್ಲಿಷ್ ಭಾಷಣವೊಂದು ಹೀಗೆ ಸಾಗುತ್ತದೆ ಅಂದುಕೊಳ್ಳಿ: ನಾವು ಗೆದ್ದೆವು, ನಾವು ಹೊಸ ಕಾನೂನು ತಂದೆವು, ಇನ್ನು ಸ್ವಲ್ಪ ದಿನ ನಾವು ಹೊಟ್ಟೆ ಬಟ್ಟೆ ಕಟ್ಟಬೇಕು. ಮೊದಲ ‘ನಾವು’ ಪಕ್ಷ. ಎರಡನೆಯದು ಸರ್ಕಾರ. ಮೂರನೆಯದು ಎದುರಿಗೆ ಕೂತ ಜನ! ಹಾರ ತುರಾಯಿ ಅವರಿಗೆ, ಹೊಟ್ಟೆ ಕಟ್ಟೋದು ಮಾತ್ರ ನಮಗೆ. ಪದ ಒಂದೇ ಆದ್ದರಿಂದ ಎಲ್ಲಿ ಜಾರಿತು ಅಂತ ಗೊತ್ತೇ ಆಗುವುದಿಲ್ಲ.

ಬರಾಕ್ ಒಬಾಮ 2008ರಲ್ಲಿ ‘ಯೆಸ್ ವಿ ಕ್ಯಾನ್’ ಅಂದಾಗ ಆ ‘ವಿ’ ಯಾರು ಅಂತ ಹೇಳಲಿಲ್ಲ. ಕೇಳಿದವರು ತಾವೇ ಅದರೊಳಗೆ ಹೋಗಿ ಕೂತರು. ಡೊನಾಲ್ಡ್ ಟ್ರಂಪ್ 2016ರಲ್ಲಿ ಪಕ್ಷದ ಮಹಾಧಿವೇಶನದಲ್ಲಿ ಹಿಡಿದದ್ದು ಬೇರೆ ದಾರಿ. ‘ಐ ಅಲೋನ್ ಕ್ಯಾನ್ ಫಿಕ್ಸ್ ಇಟ್’, ಅಂದರೆ ಇದನ್ನು ನಾನೊಬ್ಬನೇ ಸರಿಮಾಡಬಲ್ಲೆ. ಅದೇ ಭಾಷಣದಲ್ಲಿ ಅವರು ಹಿಲರಿ ಕ್ಲಿಂಟನ್ ಕಡೆಯವರ ‘ಐಯಾಮ್ ವಿತ್ ಹರ್’ ಘೋಷಣೆಯನ್ನು ಎತ್ತಿಕೊಂಡು ‘ಐಯಾಮ್ ವಿತ್ ಯೂ’ ಅಂತ ತಿರುಗಿಸಿದರು. ಬದಲಾದದ್ದು ಒಂದು ಸರ್ವನಾಮ. ಜನ ನಾಯಕಿಯ ಹಿಂದೆ ನಿಲ್ಲುವುದು ಹೋಗಿ, ನಾಯಕ ಜನರ ಜೊತೆ ನಿಂತಂತಾಯಿತು. ಅವರ ರಾಜಕೀಯ ಒಪ್ಪಲಿ ಬಿಡಲಿ, ಈ ಚುರುಕನ್ನು ಮೆಚ್ಚಲೇಬೇಕು.

ಎಲ್ಲ ಸಲವೂ ಇದು ಫಲಿಸುವುದಿಲ್ಲ. 1989ರಲ್ಲಿ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ‘ನಾವು ಅಜ್ಜಿಯಾಗಿದ್ದೇವೆ’ ಅಂದರು. ತಮ್ಮನ್ನೇ ‘ವಿ’ ಅಂದುಕೊಳ್ಳುವುದು ಅಲ್ಲಿ ರಾಜ ರಾಣಿಯರ ರೂಢಿ. ಜನ ನಕ್ಕರು.

ಇಂಥ ಚಿಕ್ಕ ಪದಗಳನ್ನು ಕಂಪ್ಯೂಟರಿನಿಂದ ಎಣಿಸಿ ಹೆಸರಾದವರು ಟೆಕ್ಸಾಸ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್. ಇಬ್ಬರು ಮಾತಾಡುವಾಗ ‘ಐ’ ಜಾಸ್ತಿ ಬಳಸುವವರು ಮೇಲಿನ ಸ್ಥಾನದವರಲ್ಲ, ಕೆಳಗಿನವರು ಅನ್ನುವುದು ಅವರು ಕಂಡ ಸಂಗತಿ. ಅಧಿಕಾರದಲ್ಲಿ ಇರುವವರ ಬಾಯಲ್ಲಿ ‘ವಿ’ ಹೆಚ್ಚು. ನಾವು ಅಂದುಕೊಂಡಿದ್ದಕ್ಕೆ ಪೂರ್ತಿ ಉಲ್ಟಾ, ಅಲ್ವಾ? ಒಬಾಮ ಬರೀ ‘ನಾನು, ನಾನು’ ಅಂತಾರೆ ಎಂದು ಟೀಕಾಕಾರರು ದೂರುತ್ತಿದ್ದರು. ಎಣಿಸಿ ನೋಡಿದರೆ ಹಿಂದಿನ ಅಧ್ಯಕ್ಷರಿಗಿಂತ ಅವರು ‘ಐ’ ಕಡಿಮೆಯೇ ಬಳಸಿದ್ದರು. ಇಷ್ಟವಿಲ್ಲದವರ ‘ನಾನು’ ನಮ್ಮ ಕಿವಿಗೆ ಜೋರಾಗಿಯೇ ಕೇಳುತ್ತದೆ.

2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇನ್ನೂ ಸ್ವಾರಸ್ಯದ್ದು. ನಿಕ್ಲಾಸ್ ಸ್ಟೆಫೆನ್ಸ್ ಮತ್ತು ಅಲೆಕ್ಸಾಂಡರ್ ಹ್ಯಾಸ್ಲಾಮ್ ಆಸ್ಟ್ರೇಲಿಯಾದಲ್ಲಿ 1901ರಿಂದ ನಡೆದ 43 ಚುನಾವಣೆಗಳ ಪ್ರಚಾರ ಭಾಷಣಗಳನ್ನು ಜಾಲಾಡಿದರು. ಶೇ. 80ರಷ್ಟು ಚುನಾವಣೆಗಳಲ್ಲಿ ಗೆದ್ದವರೇ ‘ವಿ’, ‘ಅಸ್’ ಹೆಚ್ಚು ಬಳಸಿದ್ದರು. ಗೆದ್ದವರಿಗೆ 79 ಪದಕ್ಕೊಮ್ಮೆ ಅದು ಬಂದರೆ, ಸೋತವರಿಗೆ 136 ಪದಕ್ಕೊಮ್ಮೆ. ಹಾಗಂತ ‘ನಾವು’ ಅಂದದ್ದಕ್ಕೇ ಗೆದ್ದರು ಅನ್ನಲಾಗದು. ಗೆಲ್ಲುವ ಗಾಳಿ ಇದ್ದವರಿಗೆ ‘ನಾವು’ ಸಲೀಸಾಗಿ ಬಾಯಿಗೆ ಬಂದಿರಲೂಬಹುದು.

ನಮ್ಮವರು ಅನ್ನಿಸಿಕೊಂಡರೆ ಗೆಲುವು ಖಾತ್ರಿ ಅನ್ನುವವರು ಬಳ್ಳಾರಿಯ 1999ರ ಲೋಕಸಭಾ ಚುನಾವಣೆಯನ್ನು ನೆನಪಿಸಿಕೊಳ್ಳಲಿ. ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಬ್ಬರೂ ಹೊರಗಿನವರು. ಸುಷ್ಮಾ ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದರು. 56 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದವರು ಸೋನಿಯಾ. ಆಮೇಲೆ ಅವರು ಅಮೇಥಿ ಉಳಿಸಿಕೊಂಡು ಬಳ್ಳಾರಿ ಬಿಟ್ಟರು.

ಇಂಗ್ಲಿಷಿನ ಈ ಎಣಿಕೆಯ ಸಾಧನವನ್ನು ಹಾಗೇ ತಂದು ರಾಯಚೂರಿನ ಭಾಷಣಕ್ಕೆ ಹಚ್ಚಿದರೆ ಕೆಲಸ ಕೆಡುತ್ತದೆ. ಇಂಗ್ಲಿಷ್ ವಾಕ್ಯಕ್ಕೆ ಸಾಮಾನ್ಯವಾಗಿ ಕರ್ತೃ ಬೇಕೇ ಬೇಕು. ‘ಐ’ಯೋ ‘ವಿ’ಯೋ ಬಾಯಿಬಿಟ್ಟು ಹೇಳಬೇಕು. ನಮ್ಮಲ್ಲಿ ‘ನೀರ್ ಬಿಡಸ್ತೀನ್ರಿ’, ‘ನೀರ್ ಬಿಡಸ್ತೀವ್ರಿ’ ಅಂದರೆ ಮುಗಿಯಿತು. ನಾನು, ನಾವು ಎರಡೂ ಕ್ರಿಯಾಪದದ ಬಾಲದಲ್ಲೇ ಅಡಗಿರುತ್ತವೆ. ಎಣಿಸುವವರು ಬಾಲವನ್ನೇ ಎಣಿಸಬೇಕು.

ತಪ್ಪು ಒಪ್ಪಿಕೊಳ್ಳುವ ಹೊತ್ತಿಗೆ ಬಾಲವೂ ಮಾಯ. ಇರಾನಿಗೆ ಗುಟ್ಟಾಗಿ ಶಸ್ತ್ರ ಮಾರಿದ ಹಗರಣದ ಬಗ್ಗೆ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ 1987ರಲ್ಲಿ ಗಂಭೀರ ತಪ್ಪುಗಳು ನಡೆದವು ಅಂದರು. ಯಾರಿಂದ ಅನ್ನಲಿಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ವಾಕ್ಯವನ್ನು ಕರ್ಮಣಿಗೆ ತಿರುಗಿಸಬೇಕು. ನಮಗೆ ‘ತಪ್ಪಾಗಿದೆ’ ಸಿದ್ಧವಾಗಿಯೇ ಇದೆ.

ಕೊಪ್ಪಳ ಲೋಕಸಭಾ ಕ್ಷೇತ್ರವನ್ನೇ ನೋಡಿ. ತುಂಗಭದ್ರಾ ಎಡದಂಡೆ ನಾಲೆಯ ಗಂಗಾವತಿ ಅದರಲ್ಲಿದೆ. ಅದೇ ನಾಲೆಯಲ್ಲಿ ಇನ್ನೂ ಮುಂದಿರುವ ರಾಯಚೂರು ಜಿಲ್ಲೆಯ ಸಿಂಧನೂರು ಇದೆ. ನದಿಯ ಬಲಕ್ಕಿರುವ ಬಳ್ಳಾರಿ ಜಿಲ್ಲೆಯ ಸಿರುಗುಪ್ಪವೂ ಸೇರಿದೆ. ಮೂರೂ ಕಡೆ ಭತ್ತ, ಮೂರೂ ಕಡೆ ನೀರಿನದೇ ಮಾತು. ಅಭ್ಯರ್ಥಿ ಮೂರೂ ಕಡೆ ‘ನಮ್ಮ ನೀರು’ ಅನ್ನಬಹುದು, ಮೂರೂ ಕಡೆ ಚಪ್ಪಾಳೆ ಬೀಳುತ್ತದೆ. ತೊಂದರೆ ಬರುವುದು ‘ಅವರು’ ಅನ್ನುವಾಗ. ನಾಲೆಯ ಕೊನೆ ಭಾಗದ ರೈತರಿಗೆ ‘ಅವರು’ ಅಂದರೆ ಮೇಲೆ ಪಂಪ್ ಇಟ್ಟು ನೀರೆತ್ತುವವರು. ಆ ಮೇಲಿನವರೂ ಇದೇ ಕ್ಷೇತ್ರದ ಮತದಾರರು. ಹಾಗಾಗಿ ವೇದಿಕೆಯ ಮೇಲೆ ‘ಅವರು’ ಅಂದರೆ ಬೆಂಗಳೂರಿನಲ್ಲಿ ಕೂತವರು, ಇಲ್ಲವೇ ಎದುರು ಪಕ್ಷದವರು.