ನಾಯಿಮರಿ ಕಾಲು ಸೊಟ್ಟ ಆಗೋದ್ಯಾಕೆ, ಅದನ್ನ ನೆಟ್ಟಗೆ ಮಾಡೋದು ಕಲ್ತಿದ್ದು ಹೇಗೆ

ನಾಲ್ಕು ತಿಂಗಳ ಮರಿ ಎತ್ತರದಿಂದ ಬಿತ್ತು, ಕುಂಯ್ ಅಂತು, ಎರಡು ದಿನ ಕುಂಟಿ ಸರಿಹೋಯ್ತು, ಎಲ್ರೂ ಮರೆತೂ ಬಿಟ್ರು. ಆಮೇಲೆ ಕೆಲವು ವಾರ ಕಳೆದು ನೋಡಿದ್ರೆ ಆ ಮುಂಗಾಲಿನ ಪಾದ ಹೊರಗಡೆ ತಿರುಗ್ಕೊಂಡಿರತ್ತೆ, ಕಾಲು ಮುಂದಕ್ಕೆ ಬಾಗಿರತ್ತೆ. ನಾಯಿಗಳಲ್ಲಿ ಕಾಲು ಸೊಟ್ಟ ಆಗೋದಕ್ಕೆ ತುಂಬ ಸಲ ಕಾರಣ ಇದೇ.

ಮುಂಗಾಲಲ್ಲಿ ರೇಡಿಯಸ್, ಅಲ್ನಾ ಅಂತ ಎರಡು ಮೂಳೆ ಜೊತೆಜೊತೆಗೇ ಬೆಳೀಬೇಕು. ಅಲ್ನಾದ ಉದ್ದದಲ್ಲಿ ಹೆಚ್ಚಿನ ಪಾಲು ಬರೋದು ಮಣಿಕಟ್ಟಿನ ಹತ್ರ ಇರೋ ಗ್ರೋತ್ ಪ್ಲೇಟಿಂದ, ಅಂದ್ರೆ ಮೂಳೆ ಉದ್ದ ಬೆಳೆಯೋ ಮೆತ್ತನೆ ಪದರದಿಂದ, ಎಕ್ಸ್-ರೇಲಿ ನೋಡಿದ್ರೆ ಅದು ಇಂಗ್ಲಿಷಿನ ವಿ ಅಕ್ಷರದ ಥರ ಕಾಣತ್ತೆ. ಚಪ್ಪಟೆ ಪ್ಲೇಟ್ ಆಗಿದ್ರೆ ಪೆಟ್ಟು ಬಿದ್ದಾಗ ಪಕ್ಕಕ್ಕೆ ಜಾರ್ತಿತ್ತು, ಇದು ಜಾರಲ್ಲ, ಒಳಗೇ ಜಜ್ಜಿಹೋಗತ್ತೆ, ಆ ದಿನದ ಎಕ್ಸ್-ರೇಲಿ ಏನೂ ಕಾಣ್ಸಲ್ಲ. ಅಲ್ನಾ ಬೆಳೆಯೋದು ನಿಂತು ಬಿಲ್ಲಿನ ಹೆದೆ ಥರ ಬಿಗಿಯಾಗತ್ತೆ, ಬೆಳೀತಾನೇ ಇರೋ ರೇಡಿಯಸ್ ಪಾಪ ಬಾಗದೆ ಇನ್ನೇನು ಮಾಡತ್ತೆ.

ಮೊದಲೆಲ್ಲ ಮೂಳೆ ಕುಯ್ದು, ನೆಟ್ಟಗೆ ಕೂರಿಸಿ, ಲೋಹದ ಪಿನ್ನೋ ಪ್ಲೇಟೋ ಹಾಕ್ತಿದ್ರು. 1958ರಲ್ಲಿ ಸ್ವಿಟ್ಜರ್ಲೆಂಡಲ್ಲಿ ಶುರುವಾದ ಎಒ ಅನ್ನೋ ಸರ್ಜನ್‌ಗಳ ಗುಂಪಿಂದ ಪ್ಲೇಟ್-ಸ್ಕ್ರೂ ಕೆಲಸಕ್ಕೆ ಒಂದು ಶಿಸ್ತು ಬಂತು, ಪಶುವೈದ್ಯರೂ ಅದನ್ನ ಕಲ್ತ್ರು. ಕಾಲೇನೋ ನೆಟ್ಟಗಾಯ್ತು, ಆದ್ರೆ ಗಿಡ್ಡ ಆಗಿದ್ದ ಕಾಲು ಗಿಡ್ಡವಾಗೇ ಉಳೀತಿತ್ತು.

ಇದಕ್ಕೆ ದಾರಿ ಸಿಕ್ಕಿದ್ದು ಸೈಬೀರಿಯಾದ ಕುರ್ಗಾನಲ್ಲಿ. ಅಲ್ಲಿನ ಡಾಕ್ಟರ್ ಗವ್ರೀಲ್ ಇಲಿಝರೋವ್ 1950ರ ದಶಕದಲ್ಲಿ ಕಾಲಿನ ಸುತ್ತ ರಿಂಗ್ ಹಾಕಿ, ತೆಳು ತಂತಿ ಮೂಳೆಗೆ ಚುಚ್ಚಿ ಬಿಗಿದು, ಕುಯ್ದ ಮೂಳೆಯನ್ನ ನಿಧಾನಕ್ಕೆ ದೂರ ಎಳೆಯೋ ವಿಧಾನ ಶುರು ಮಾಡಿದ್ರು, ಮಧ್ಯದ ಖಾಲಿ ಜಾಗದಲ್ಲಿ ಹೊಸ ಮೂಳೆ ತುಂಬ್ಕೊಳ್ಳತ್ತೆ. ಎಷ್ಟು ಎಳೀಬೇಕು ಅನ್ನೋದನ್ನ ಪರೀಕ್ಷೆ ಮಾಡಿದ್ದು ನಾಯಿಗಳ ಕಾಲಿನ ಮೇಲೇ. ದಿನಕ್ಕೆ ಅರ್ಧ ಮಿಲಿಮೀಟರ್ ಅಂದ್ರೆ ಬೇಗ ಕೂಡ್ಕೊಂಡ್ಬಿಡ್ಬಹುದು, ಎರಡು ಮಿಲಿಮೀಟರ್ ಅಂದ್ರೆ ಮೂಳೆ ಸರಿಯಾಗಿ ಕಟ್ಟಲ್ಲ, ಒಂದು ಮಿಲಿಮೀಟರ್ ಸರಿ, ಅದನ್ನೂ ಕಾಲು ಕಾಲು ಮಿಲಿಮೀಟರಾಗಿ ನಾಲ್ಕು ಸಲ ನಟ್ ತಿರುಗಿಸಿದ್ರೆ ಇನ್ನೂ ವಾಸಿ. ಎಷ್ಟೋ ಮನುಷ್ಯರು ಇವತ್ತು ನಡೀತಿರೋದ್ರಲ್ಲಿ ಆ ನಾಯಿಗಳ ಋಣ ಇದೆ ಅಂತಾನೇ ನಾನು ನಂಬಿದೀನಿ, ಹಾಗಾಗಿ ಅದೇ ರಿಂಗ್ ಆಮೇಲೆ ನಾಯಿಗಳ ಚಿಕಿತ್ಸೆಗೂ ಬಂದಿದ್ದು ನಂಗೆ ತುಂಬಾ ಸಮಾಧಾನ ಕೊಡೋ ವಿಷಯ.

ಎಲ್ಲಿ ಕುಯ್ಯಬೇಕು ಅನ್ನೋ ಲೆಕ್ಕವನ್ನ ಡ್ರೋರ್ ಪೇಲಿ ಅನ್ನೋ ಮೂಳೆ ಸರ್ಜನ್ ಮನುಷ್ಯರಿಗೋಸ್ಕರ ಬೆಳೆಸಿದ್ರು, ಪಶುವೈದ್ಯರು ಅದನ್ನ ನಾಯಿಗೆ ಒಗ್ಗಿಸ್ಕೊಂಡ್ರು. ಆದ್ರೆ ಡ್ಯಾಕ್ಸ್‌ಹುಂಡ್, ಬ್ಯಾಸೆಟ್ ಥರದ ತಳಿಗಳ ಕಾಲು ಹುಟ್ಟಿಂದಾನೇ ಗಿಡ್ಡ, ಅದಕ್ಕೆ ಕಾರಣ ಎಫ್‌ಜಿಎಫ್4 ಜೀನಿನ ಒಂದು ಹೆಚ್ಚುವರಿ ಪ್ರತಿ ಅಂತ 2009ರಲ್ಲಿ ಗೊತ್ತಾಯ್ತು. ಆ ತಳಿಗೆ ಸಹಜವಾದ ಬಾಗು ಎಷ್ಟು, ರೋಗದ ಬಾಗು ಎಷ್ಟು ಅಂತ ಬಿಡಿಸಿ ನೋಡ್ಬೇಕು, ಅದಕ್ಕೇ ಇನ್ನೊಂದು ಕಾಲು ಚೆನ್ನಾಗಿದ್ರೆ ಅದನ್ನೂ ಅಳೀತಾರೆ. ಈಗ ಸಿಟಿ ಸ್ಕ್ಯಾನಿಂದ ಮೂಳೆಯ 3ಡಿ ಮಾದರಿ ಪ್ರಿಂಟ್ ಮಾಡಿ, ಆಪರೇಷನ್ನಿಗೆ ಮೊದಲೇ ಅದರ ಮೇಲೆ ಕುಯ್ದು ನೋಡ್ತಾರೆ.

ಇಷ್ಟೆಲ್ಲ ಬೇಡದೇ ಇರೋ ಸಮಯಾನೂ ಒಂದಿದೆ. ಮರಿ ಇನ್ನೂ ಬೆಳೀತಿದ್ರೆ ಅಲ್ನಾದ ಒಂದು ತುಂಡು ತೆಗೆದು, ಮತ್ತೆ ಕೂಡ್ಕೋಬಾರ್ದು ಅಂತ ಆ ಜಾಗಕ್ಕೆ ಅದರದ್ದೇ ಮೈಯ ಕೊಬ್ಬು ತುಂಬ್ತಾರೆ, ಹೆದೆ ಕಡಿದ ಮೇಲೆ ರೇಡಿಯಸ್ ಎಷ್ಟೋ ಮಟ್ಟಿಗೆ ತಾನೇ ನೆಟ್ಟಗಾಗತ್ತೆ. ಬೆಳವಣಿಗೆ ಮುಗಿದ ಮೇಲೆ ಇದು ನಡೆಯಲ್ಲ, ಅಷ್ಟೊತ್ತಿಗೆ ಮೊಣಕೈ ಕೀಲೂ ಸರಿದು ಸವೆಯೋಕೆ ಶುರುವಾಗಿರ್ಬಹುದು. ಅದಕ್ಕೇ ಬಿದ್ದ ಮರಿ ಕುಂಟೋದು ನಿಂತ್ರೂ, ಎರಡು-ಮೂರು ವಾರ ಬಿಟ್ಟು ಎರಡೂ ಮುಂಗಾಲಿನ ಎಕ್ಸ್-ರೇ ಇನ್ನೊಂದು ಸಲ ತೆಗೆಸಿ, ಪಕ್ಕಪಕ್ಕ ಇಟ್ಟು ನೋಡಿ ಅಂತ ಡಾಕ್ಟರಿಗೆ ಕೇಳಿ.