ಕೊಂಡ ಗೇಮ್ ಯಾರದ್ದು? ಡಬ್ಬಿಯಿಂದ ಸರ್ವರ್ ಹೊರಬಿದ್ದ ಕತೆ

ಆರಿದ್ರಾ ಮಳೆ ಹಿಡಿಯಿತೆಂದರೆ ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಹಳ್ಳಿಗಳಲ್ಲಿ ಮೊದಲು ಹೋಗುವುದು ಕರೆಂಟು. ಮರ ಬಿದ್ದು ಲೈನ್ ಹರಿದರೆ ಎರಡು ಮೂರು ದಿನ ಅದರ ಸುದ್ದಿಯಿಲ್ಲ. ಟವರ್‌ನ ಬ್ಯಾಟರಿ ಇಳಿದ ಮೇಲೆ ನೆಟ್‌ವರ್ಕೂ ಹಿಂದೆಯೇ ಹೋಗುತ್ತದೆ. ಆಗ ಇನ್ವರ್ಟರ್ ಮೇಲೆ ಲ್ಯಾಪ್‌ಟಾಪ್ ಹಚ್ಚಿ, ಇರುವ ಗೇಮ್‌ಗಳನ್ನು ಒಂದೊಂದಾಗಿ ತೆರೆದು ನೋಡಿ. ಹದಿನೈದು ವರ್ಷ ಹಳೆಯದೊಂದು ತಕರಾರಿಲ್ಲದೆ ಓಡುತ್ತದೆ. ಹೋದ ವರ್ಷ ಮೂರು ಸಾವಿರ ಕೊಟ್ಟು ತಗೊಂಡದ್ದು ಸರ್ವರ್ ಸಿಗುತ್ತಿಲ್ಲ ಎಂದು, ಅಂದರೆ ಆಟ ನಡೆಸುವ ಕಂಪನಿಯ ದೂರದ ಕಂಪ್ಯೂಟರ್ ಸಿಗುತ್ತಿಲ್ಲ ಎಂದು ಮೆನುವಿನಲ್ಲೇ ನಿಲ್ಲುತ್ತದೆ. ಒಬ್ಬರೇ ಕೂತು ಆಡುವ ಕತೆಯ ಭಾಗಕ್ಕೂ ಒಳಗೆ ಬಿಡುವುದಿಲ್ಲ. ಎರಡನ್ನೂ ಕೊಡುವಾಗ ಅಂಗಡಿಯ ಗುಂಡಿಯ ಮೇಲೆ ಇದ್ದದ್ದು ‘ಖರೀದಿಸಿ’ ಎಂಬ ಒಂದೇ ಮಾತು.

ಗೇಮ್ ಎಂದರೆ ವಸ್ತುವೋ ಸೇವೆಯೋ ಎಂಬ ಜಗಳ ಈಗ ಯುರೋಪಿನ ಆಯೋಗ, ಬ್ರಿಟನ್ನಿನ ಸಂಸತ್ತು, ಅಮೆರಿಕದ ಕೋರ್ಟುಗಳ ತನಕ ಹೋಗಿ ಸಿಕ್ಕುಸಿಕ್ಕಾಗಿದೆ. ಮಲೆನಾಡಿನವರಿಗೆ ಇದರ ಬೇರು ಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಅಡಿಕೆ ತೋಟ ಪಟ್ಟಾ ಜಮೀನು. ಅದರ ಮೇಲಿನ ಸೊಪ್ಪಿನಬೆಟ್ಟದಲ್ಲಿ ಸೊಪ್ಪು ಕೊಯ್ಯಬಹುದು, ದರಗು ಗುಡಿಸಬಹುದು, ನೆಲ ಮಾತ್ರ ಸರ್ಕಾರದ್ದು. ಚೇಣಿ ಹಿಡಿದವನಿಗೆ ಆ ವರ್ಷದ ಫಸಲಷ್ಟೇ. ಇವತ್ತು ಗೇಮ್ ಎಂದು ಮಾರುವುದರಲ್ಲಿ ಬಹುಪಾಲು ಸೊಪ್ಪಿನಬೆಟ್ಟದ ಹಕ್ಕು. ತಿಂಗಳ ಚಂದಾ ಕಟ್ಟಿ ಆಡುವುದು ಚೇಣಿ. ಎರಡೂ ತಪ್ಪಲ್ಲ. ಪಟ್ಟಾ ಎಂದು ಹೇಳಿ ಬೆಟ್ಟ ಕೊಟ್ಟರೆ ತಕರಾರು ಬರದೆ ಇರುತ್ತದೆಯೇ?

ನಮ್ಮಲ್ಲಿ ಗೇಮ್ ಬಂದದ್ದು ವಸ್ತುವಾಗಿಯೇ. ತೊಂಬತ್ತರ ದಶಕದ ‘ಟಿವಿ ಗೇಮ್’ ಪೆಟ್ಟಿಗೆಗಳು ಜಪಾನಿನ 8-ಬಿಟ್ ಯಂತ್ರದ ನಕಲುಗಳು. 60 ಪಿನ್ನಿನ ಕ್ಯಾಸೆಟ್ ಮೇಲೆ ‘9999 ಇನ್ 1’ ಎಂದು ಬರೆದಿರುತ್ತಿತ್ತು, ಒಳಗೆ ಇದ್ದದ್ದು ಕೆಲವೇ ಗೇಮ್‌ಗಳು ಹೆಸರು ಬದಲಿಸಿಕೊಂಡು. ಅವೂ ಕಳ್ಳಪ್ರತಿ, ಆಮೇಲೆ ಬಂದ ಸಿ.ಡಿ.ಗಳಲ್ಲಿ ಹೆಚ್ಚಿನವೂ ಕಳ್ಳಪ್ರತಿ. ಒಡೆತನದ ಬಗ್ಗೆ ಮಾತಾಡುವಾಗ ಇದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಕೈಗೆ ಬಂದ ಮೇಲೆ ಅದು ಕೈಯಲ್ಲೇ ಇರುತ್ತಿತ್ತು. ಕೆಟ್ಟರೆ ಕೆಡುತ್ತಿದ್ದದ್ದು ನಮ್ಮ ಹವೆಯಿಂದ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಆಗುಂಬೆಯಂಥ ಕಡೆ ಕ್ಯಾಸೆಟ್ಟಿನ ತಾಮ್ರದ ಪಟ್ಟಿಗೆ ಹಸಿರು ಕಿಲುಬು ಹತ್ತುತ್ತದೆ. ಉಫ್ ಎಂದು ಬಾಯಿಂದ ಊದಿದರೆ ಎಂಜಲಿನ ತೇವ ಸೇರಿ ಕಿಲುಬು ಇನ್ನೂ ಬೇಗ ಏರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಪಿನ್ ಉದ್ದಕ್ಕೆ ಒರೆಸಿ, ಒಣಗಿದ ಮೇಲೆ ಹಾಕಿದರೆ ಆ ಕ್ಯಾಸೆಟ್ಟುಗಳು ಈಗಲೂ ಏಳುತ್ತವೆ.

ಎಂಟು ಪೋರ್ಟಿನ ಸ್ವಿಚ್ ಕಾಲ

ವಸ್ತು ಮತ್ತು ಸೇವೆಯ ನಡುವಿನ ಗೆರೆ ಎಲ್ಲಿ ಹಾದುಹೋಗುತ್ತದೆ ಎಂಬುದು ಸ್ಪಷ್ಟವಾಗಿ ಕಾಣುವುದು ಸೈಬರ್ ಕೆಫೆಗಳ ಕಾಲದಲ್ಲಿ. ಹಲವರು ಸೇರಿ ಆಡುವ ಬಂದೂಕಿನ ಗೇಮ್ ಕೌಂಟರ್-ಸ್ಟ್ರೈಕ್ 1.6 ಬಂದದ್ದು 2003ರ ಸೆಪ್ಟೆಂಬರಿನಲ್ಲಿ. ಶಿವಮೊಗ್ಗದಂಥ ಊರಿನಲ್ಲಿ ಗಂಟೆ ಲೆಕ್ಕದಲ್ಲಿ ಅದನ್ನು ಆಡಲು ಬೇಕಾದದ್ದು ಎಂಟು ಪೋರ್ಟಿನ ಒಂದು ಸ್ವಿಚ್ (ಕಂಪ್ಯೂಟರುಗಳನ್ನು ಒಂದಕ್ಕೊಂದು ಸೇರಿಸುವ ಪೆಟ್ಟಿಗೆ), ಎಂಟು ಕೇಬಲ್. ಇಂಟರ್ನೆಟ್ ಬೇಕಿರಲಿಲ್ಲ, ಯಾಕೆಂದರೆ ಸರ್ವರ್ ನಡೆಸುವ ಪ್ರೋಗ್ರಾಂ ಗೇಮ್ ಜೊತೆಯಲ್ಲೇ ಬರುತ್ತಿತ್ತು. ಒಂದು ಕಂಪ್ಯೂಟರಿನಲ್ಲಿ ‘ಕ್ರಿಯೇಟ್ ಸರ್ವರ್’ ಒತ್ತಿದರೆ ಅದೇ ಯಜಮಾನ. ಉಳಿದವರು ‘ಲ್ಯಾನ್’ ಪಟ್ಟಿಯಲ್ಲಿ ಹುಡುಕಬೇಕು, ಸಿಗದಿದ್ದರೆ ಕನ್ಸೋಲ್ ಎಂಬ ಆದೇಶ ಬರೆಯುವ ಕಿಟಕಿ ತೆರೆದು ‘ಕನೆಕ್ಟ್’ ಎಂದು ಬರೆದು ಮುಂದೆ 192.168.1.5:27015 ಎಂಬಂತೆ ವಿಳಾಸ ಹೊಡೆಯಬೇಕು. 27015 ಸರ್ವರ್ ಕೂತ ಪೋರ್ಟ್, ಅಂದರೆ ಆ ಕಂಪ್ಯೂಟರಿನೊಳಗೆ ಅದರ ಬಾಗಿಲ ಸಂಖ್ಯೆ.

ಕೆಡುವ ರೀತಿಗಳೂ ನಾಲ್ಕೈದೇ. ವಿಂಡೋಸ್ ಫೈರ್‌ವಾಲ್ ಆ ಪೋರ್ಟನ್ನು ತಡೆದರೆ ಪಟ್ಟಿಯಲ್ಲಿ ಸರ್ವರ್ ಕಾಣುವುದಿಲ್ಲ. ಒಂದು ಕಂಪ್ಯೂಟರ್ ರೌಟರಿನ ವೈಫೈಗೂ ಇನ್ನೊಂದು ಬೇರೆ ಸ್ವಿಚ್ಚಿಗೂ ಸೇರಿ ವಿಳಾಸದ ಮೂರನೆಯ ಅಂಕಿ ಬೇರೆಯಾದರೆ ಎರಡಕ್ಕೂ ಪರಿಚಯವೇ ಆಗುವುದಿಲ್ಲ. ಗೇಮಿನ ಆವೃತ್ತಿ ಬೇರೆಯಾಗಿ ಒಬ್ಬರದ್ದು ಪ್ರೋಟೋಕಾಲ್ 47, ಇನ್ನೊಬ್ಬರದ್ದು 48 ಆದರೆ ಒಳಗೆ ಬಿಡುವುದಿಲ್ಲ, ಎಲ್ಲರಿಗೂ ಒಂದೇ ಫೋಲ್ಡರ್ ನಕಲು ಮಾಡಬೇಕು. ರೌಟರ್ ಆಫ್ ಆಗಿ ಬಂದರೆ ಯಜಮಾನನ ವಿಳಾಸ ಬದಲಾಗಿರುತ್ತದೆ. ಇದರಲ್ಲಿ ಯಾವುದಕ್ಕೂ ಊರಾಚೆಯವರ ಅಪ್ಪಣೆ ಬೇಡ. ಇವತ್ತು ಕಾರ್ಗಲ್‌ನಲ್ಲಿ ನೆಟ್ ಇಲ್ಲದ ಮನೆಯಲ್ಲಿ ನಾಲ್ಕು ಲ್ಯಾಪ್‌ಟಾಪ್ ಜೋಡಿಸಿದರೂ ಆ ಆಟ ಹಾಗೆಯೇ ನಡೆಯುತ್ತದೆ.

ಅದೇ 2003ರ ಸೆಪ್ಟೆಂಬರ್ 12ರಂದು ಇವತ್ತಿನ ದೊಡ್ಡ ಆನ್‌ಲೈನ್ ಗೇಮ್ ಅಂಗಡಿ ಸ್ಟೀಮ್ ಶುರುವಾಯಿತು. ಮರುವರ್ಷದ ನವೆಂಬರಿನಲ್ಲಿ ಬಂದ ಹಾಫ್-ಲೈಫ್ 2ರ ಡಿಸ್ಕನ್ನು ಅಂಗಡಿಯಲ್ಲಿ ಕೊಂಡರೂ ಸ್ಟೀಮ್ ಖಾತೆಗೆ ಕಟ್ಟದೆ ಆಡುವಂತಿರಲಿಲ್ಲ. ಬೀಗದ ಕೈ ಖಾತೆಗೆ ಹೋಯಿತು, ಸರ್ವರ್ ಪ್ರೋಗ್ರಾಂ ಇನ್ನೂ ಆಟಗಾರರ ಹತ್ತಿರವಿತ್ತು. 2009ರ ನವೆಂಬರಿನಲ್ಲಿ ಬಂದ ಮಾಡರ್ನ್ ವಾರ್‌ಫೇರ್ 2 ಎಂಬ ಬಂದೂಕಿನ ಗೇಮಿನ ಕಂಪ್ಯೂಟರ್ ಆವೃತ್ತಿಯಲ್ಲಿ ಅದೂ ಇರಲಿಲ್ಲ. ಆಗ ಎದ್ದ ಗದ್ದಲ ಹೊರಗಿನವರಿಗೆ ಸಣ್ಣ ತಾಂತ್ರಿಕ ತಕರಾರಿನಂತೆ ಕಂಡಿರಬಹುದು. ಗೇಮ್ ವಸ್ತುವಾಗಿ ಉಳಿಯುವುದು ನಿಂತದ್ದು ಸುಮಾರಾಗಿ ಅಲ್ಲಿಂದಲೇ ಎನ್ನಬೇಕು. 2012ರಲ್ಲಿ ಡಯಾಬ್ಲೊ 3, 2013ರಲ್ಲಿ ಸಿಮ್‌ಸಿಟಿ ಒಬ್ಬರೇ ಆಡುವವರಿಗೂ ಇಂಟರ್ನೆಟ್ ಕಡ್ಡಾಯ ಮಾಡಿದವು. ಸಿಮ್‌ಸಿಟಿಗೆ ಒಂದು ವರ್ಷದ ನಂತರ ಆಫ್‌ಲೈನ್ ದಾರಿ ಕೊಟ್ಟರು. 2014ರ ಮೇ 31ಕ್ಕೆ, ಸರ್ವರ್‌ಗಳ ವಿಳಾಸಪಟ್ಟಿ ಒದಗಿಸುತ್ತಿದ್ದ ಗೇಮ್‌ಸ್ಪೈ ನಿಂತಾಗ ವ್ಯತ್ಯಾಸ ಬಯಲಾಯಿತು. ಸರ್ವರ್ ಪ್ರೋಗ್ರಾಂ ಜನರ ಕೈಯಲ್ಲಿದ್ದ ಗೇಮ್‌ಗಳಿಗೆ ಬೇರೊಂದು ಪಟ್ಟಿ ಕಟ್ಟಿಕೊಂಡರೆ ಸಾಕಾಯಿತು.

ತಯಾರಕರ ಕಡೆಯ ಮಾತನ್ನೂ ಕೇಳಬೇಕು. ಸರ್ವರ್ ಒಂದೇ ಕಡೆ ಇದ್ದರೆ ಮೋಸದಾಟ ಹಿಡಿಯುವುದು ಸುಲಭ, ಸಮಬಲದವರನ್ನು ಜೋಡಿಸುವುದು ಸುಲಭ, ಕಳ್ಳಪ್ರತಿ ಕಡಿಮೆ. ಈಗಿನ ಸರ್ವರ್ ಒಂದು ಪ್ರೋಗ್ರಾಂ ಅಲ್ಲ. ಲಾಗಿನ್, ಜೋಡಿ ಹುಡುಕುವುದು, ಆಟಗಾರರ ಸಾಮಾನಿನ ಲೆಕ್ಕ, ಅಂಗಡಿ ಎಂದು ಹಲವು ತುಂಡುಗಳು ಬಾಡಿಗೆ ಕ್ಲೌಡ್‌ನಲ್ಲಿ ಚದುರಿರುತ್ತವೆ, ಕೆಲವು ಬೇರೆಯವರಿಂದ ಲೈಸೆನ್ಸ್ ತಂದವು. ಹತ್ತು ವರ್ಷದ ಮೇಲೆ ಅದನ್ನು ಬಿಡಿಸಿ ಜನರ ಕೈಗೆ ಕೊಡುವುದು ನಿಜಕ್ಕೂ ದುಬಾರಿ. ಆದರೆ ಮೊದಲೇ ಯೋಜಿಸಿದರೆ ಅಷ್ಟಾಗುವುದಿಲ್ಲ: ನಾಕ್‌ಔಟ್ ಸಿಟಿ ಎಂಬ ಗೇಮ್ 2023ರಲ್ಲಿ ಮುಚ್ಚುವಾಗ ಖಾಸಗಿ ಸರ್ವರ್ ನಡೆಸಬಹುದಾದ ಆವೃತ್ತಿ ಕೊಟ್ಟು ಹೋಯಿತು. ಗ್ರಾನ್ ಟ್ಯುರಿಸ್ಮೊ ಸ್ಪೋರ್ಟ್ 2024ರ ಜನವರಿ ಕೊನೆಗೆ ಆನ್‌ಲೈನ್ ನಿಲ್ಲಿಸಿದರೂ ಒಂಟಿ ಆಟವನ್ನು ಉಳಿಸಿತು.

ಪಬ್‌ಜಿಯಿಂದ ದಿ ಕ್ರೂ ತನಕ

ನಮ್ಮ ಕಡೆಯ ಹುಡುಗರಿಗೆ ‘ಸೇವೆ’ ಎಂದರೇನು ಎಂದು ಗೊತ್ತಾದದ್ದು ಮೊಬೈಲಿನಿಂದ. ಪಬ್‌ಜಿ ಮೊಬೈಲ್ ಮೇಲೆ 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧ ಹೇರಿತು, ಅಕ್ಟೋಬರ್ 30ಕ್ಕೆ ಇಲ್ಲಿನವರಿಗೆ ಸರ್ವರ್ ನಿಂತಿತು. ಗೇಮ್ ಪುಕ್ಕಟೆ, ಆದರೆ ಬಟ್ಟೆ, ಬಂದೂಕಿನ ಬಣ್ಣಗಳಿಗೆ ದುಡ್ಡು ಹಾಕಿದವರಿದ್ದರು. ಬದಲಿಯಾಗಿ ಬಂದ ಬಿಜಿಎಂಐ 2021ರ ಜುಲೈನಲ್ಲಿ ಶುರುವಾಗಿ, 2022ರ ಜುಲೈನಲ್ಲಿ ಅಂಗಡಿಗಳಿಂದ ಮಾಯವಾಗಿ, 2023ರ ಮೇನಲ್ಲಿ ಮರಳಿತು. ಅಷ್ಟರೊಳಗೆ 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಕೂಡ ನಿಷೇಧದ ಪಟ್ಟಿ ಸೇರಿತ್ತು. ಇಲ್ಲಿ ಆಟಗಾರನ ಕೈಯಲ್ಲಿ ಯಾವತ್ತೂ ಏನೂ ಇರಲಿಲ್ಲ, ಇದೆ ಎಂದು ಯಾರೂ ಹೇಳಿಯೂ ಇರಲಿಲ್ಲ ಎನ್ನಬಹುದು.

ಜಗಳ ಹೊತ್ತಿಕೊಂಡದ್ದು ಪೂರ್ತಿ ಬೆಲೆ ತೆತ್ತ ಗೇಮಿನಿಂದ. 2014ರ ಡಿಸೆಂಬರಿನಲ್ಲಿ ಬಂದ ದಿ ಕ್ರೂ ಎಂಬ ಕಾರ್ ರೇಸಿನ ಗೇಮ್ 2024ರ ಮಾರ್ಚ್ 31ಕ್ಕೆ ನಿಂತಿತು. ಒಬ್ಬರೇ ಆಡಬಹುದಾಗಿದ್ದ ಭಾಗವೂ ಹೋಯಿತು, ಮುಂದೆ ಹಲವರ ಲೈಬ್ರರಿಯಿಂದ ಲೈಸೆನ್ಸನ್ನೇ ತೆಗೆದರು. ಇಲ್ಲಿ ಮೂರು ಬೇರೆ ಸಂಗತಿಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ಮಾರಾಟ ನಿಲ್ಲಿಸುವುದು ಒಂದು: ಕಾರ್ ಬ್ರ್ಯಾಂಡು, ಹಾಡುಗಳ ಲೈಸೆನ್ಸ್ ಮುಗಿದು ಫೋರ್ಜಾ ಹೊರೈಜನ್ 4 ಅಂಗಡಿಯಿಂದ ಇಳಿದರೂ ಕೊಂಡವರು ಆಡುತ್ತಲೇ ಇದ್ದಾರೆ. ಸರ್ವರ್ ನಿಲ್ಲಿಸುವುದು ಇನ್ನೊಂದು. ಕೊಂಡವರ ಖಾತೆಯಿಂದ ಕಿತ್ತುಕೊಳ್ಳುವುದು ಮೂರನೆಯದು. ದಿ ಕ್ರೂಗೆ ಮೂರೂ ಆದವು.

ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ ಅದೇ ಏಪ್ರಿಲ್‌ನಲ್ಲಿ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಹೂಡಿದರು. ಸರ್ವರನ್ನು ಶಾಶ್ವತವಾಗಿ ನಡೆಸಿ ಎಂದು ಅದು ಕೇಳುತ್ತಿಲ್ಲ. ಮುಚ್ಚುವಾಗ ಆಡಬಹುದಾದ ಸ್ಥಿತಿಯಲ್ಲಿ ಬಿಟ್ಟುಹೋಗಿ ಎನ್ನುತ್ತದೆ. ಯುರೋಪಿನ ಅರ್ಜಿಗೆ 2025ರ ಜುಲೈ 31ರ ಹೊತ್ತಿಗೆ 14 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು, ಬೇಕಿದ್ದದ್ದು 10 ಲಕ್ಷ. ಬ್ರಿಟನ್ ಸಂಸತ್ತಿನಲ್ಲಿ ಅದೇ ನವೆಂಬರ್ 3ರಂದು ಚರ್ಚೆಯಾಯಿತು, ಸರ್ಕಾರ ಕಾನೂನು ತಿದ್ದುವ ಯೋಚನೆಯಿಲ್ಲ ಎಂದಿತು. ಕ್ಯಾಲಿಫೋರ್ನಿಯಾ ಮಾತ್ರ ಪದಕ್ಕೇ ಕೈಹಾಕಿತು: 2025ರ ಜನವರಿ 1ರಿಂದ, ಕೊಡುತ್ತಿರುವುದು ಬರೀ ಲೈಸೆನ್ಸ್ ಎಂದು ತಿಳಿಸದೆ ‘ಖರೀದಿ’ ಎನ್ನುವಂತಿಲ್ಲ. ಕಾಯಂ ಆಗಿ ಡೌನ್‌ಲೋಡ್ ಮಾಡಿಕೊಂಡು ನೆಟ್ ಇಲ್ಲದೆ ಬಳಸಬಹುದಾದ್ದಕ್ಕೆ ಆ ನಿಯಮವಿಲ್ಲ. ಸ್ಟೀಮ್‌ನ ಕಾರ್ಟಿನಲ್ಲಿ ಈಗ ಕಾಣುವ ಲೈಸೆನ್ಸಿನ ಒಂದು ಸಾಲು ಬಂದದ್ದು ಅದರ ಹಿಂದುಮುಂದಿನ ದಿನಗಳಲ್ಲೇ.

ನಮ್ಮ ಕಾನೂನು ಏನನ್ನುತ್ತದೆ

ಇಲ್ಲಿ ಇದೇ ಪ್ರಶ್ನೆ ತೆರಿಗೆಯ ಬಾಗಿಲಿನಿಂದ ಬಂತು. ಪೆಟ್ಟಿಗೆಯಲ್ಲಿ ಸಿಗುವ ಸಿದ್ಧ ಸಾಫ್ಟ್‌ವೇರ್ ಮಾರಾಟ ತೆರಿಗೆಯ ಮಟ್ಟಿಗೆ ಸರಕು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತು. ವಿದೇಶಿ ಕಂಪನಿಗೆ ಸಾಫ್ಟ್‌ವೇರಿನ ದುಡ್ಡು ಕಟ್ಟಿದರೆ ಅದು ಕೃತಿಸ್ವಾಮ್ಯದ ರಾಯಲ್ಟಿ, ಕೊಡುವುದು ಲೈಸೆನ್ಸ್ ಎಂದು ಕರ್ನಾಟಕ ಹೈಕೋರ್ಟ್ 2011ರಲ್ಲಿ ತೀರ್ಪಿತ್ತಿತು. 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ಕೊಳ್ಳುವವನಿಗೆ ಸಿಗುವುದು ಕೃತಿಸ್ವಾಮ್ಯವಲ್ಲ, ಪ್ರತಿ ಮಾತ್ರ, ಅದು ರಾಯಲ್ಟಿಯಾಗುವುದಿಲ್ಲ ಎಂದಿತು. ಇದು ಆದಾಯ ತೆರಿಗೆಯ ಮಾತು, ಗೇಮ್ ಆಡುವವನಿಗೆ ಸರ್ವರ್ ಮೇಲೆ ಹಕ್ಕು ಕೊಡುವುದಿಲ್ಲ. ಆದರೂ ತೆರಿಗೆ ಕಟ್ಟುವಾಗ ‘ಮಾರಿದ ಸರಕು’, ಗ್ರಾಹಕ ಕೇಳಿದಾಗ ‘ಬರೀ ಲೈಸೆನ್ಸ್’ ಎಂಬ ಎರಡು ನಾಲಿಗೆ ಕೇಳುವವರಿಗೆ ತಮಾಷೆಯಾಗಿಯೇ ಕಾಣುತ್ತದೆ.

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ಇನ್ನೂ ಹೆಚ್ಚು ಹತ್ತಿರದ ದಾರಿಯಿದೆ. ಸಕಾರಣವಿಲ್ಲದೆ ಒಂದು ಕಡೆಯವರೇ ಒಪ್ಪಂದ ಮುರಿಯಬಹುದು ಎಂಬ ಷರತ್ತು ಅದರ 2(46) ಕಲಮಿನ ‘ಅನ್ಯಾಯದ ಒಪ್ಪಂದ’ದೊಳಗೆ ಬರುತ್ತದೆ. ಆ ತಕರಾರು ರಾಜ್ಯ ಆಯೋಗಕ್ಕೆ ಹೋಗಬೇಕು. ಸೇವೆಯಲ್ಲಿ ಕೊರತೆ ಎಂಬ ಸಾಮಾನ್ಯ ದೂರನ್ನು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಶಿವಮೊಗ್ಗದ ಜಿಲ್ಲಾ ಆಯೋಗದಲ್ಲೇ ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸುವುದು ರೂಢಿ. ಪುಕ್ಕಟೆ ಗೇಮಿಗೆ ‘ಗ್ರಾಹಕ’ ಆಗುವುದಿಲ್ಲ, ದುಡ್ಡು ಕೊಟ್ಟ ಭಾಗಕ್ಕೆ ಮಾತ್ರ ವಾದಿಸಬಹುದು. ಕೊಂಡ ದಿನದ ರಸೀದಿ, ಅಂಗಡಿ ಪುಟದ ಸ್ಕ್ರೀನ್‌ಶಾಟ್ ಇಲ್ಲದಿದ್ದರೆ ಪ್ರಕರಣ ನಿಲ್ಲುವುದು ಕಷ್ಟ. ಮುಚ್ಚುವ ಮೊದಲು ಆ ಪುಟವೇ ಮಾಯವಾಗಿರುತ್ತದೆ.

ಮಳೆಗಾಲಕ್ಕೆ ಮೊದಲು

ಸ್ಟೀಮ್‌ನಲ್ಲಿರುವುದನ್ನು ನೆಟ್ ಇಲ್ಲದೆ ಆಡಬೇಕಾದರೆ ಬಾಕಿ ಅಪ್‌ಡೇಟ್ ಎಲ್ಲ ಮುಗಿಸಿ, ಪ್ರತಿ ಗೇಮನ್ನು ಒಮ್ಮೆ ನೆಟ್ ಇರುವಾಗ ತೆರೆದು ಮೆನು ದಾಟುವ ತನಕ ಹೋಗಿ, ಆಮೇಲೆ ‘ಗೋ ಆಫ್‌ಲೈನ್’ ಒತ್ತಬೇಕು. ಅರ್ಧ ಇಳಿದ ಅಪ್‌ಡೇಟ್ ಇದ್ದರೆ ಗೇಮ್ ತೆರೆಯುವುದಿಲ್ಲ. ಕಳ್ಳಪ್ರತಿ ತಡೆಯಲು ಡೆನುವೊ ಎಂಬ ಕಾವಲು ಇರುವವುಗಳಲ್ಲಿ ಅನುಮತಿ ಆ ಕಂಪ್ಯೂಟರಿಗೇ ಅಂಟಿರುತ್ತದೆ. ಬಿಡಿಭಾಗ ಬದಲಿಸಿದರೆ, ಕೆಲವೊಮ್ಮೆ ವಿಂಡೋಸ್‌ನ ದೊಡ್ಡ ಅಪ್‌ಡೇಟಾದರೂ ಮತ್ತೆ ನೆಟ್ ಕೇಳುತ್ತದೆ. ಕೊಳ್ಳುವ ಮುಂಚೆಯೇ ಅಂಗಡಿ ಪುಟದ ಬಲಬದಿಯಲ್ಲಿ ಡೆನುವೊ ಹೆಸರು, ಬೇರೆ ಖಾತೆ ಬೇಕೆಂಬ ಸೂಚನೆ ಇದೆಯೇ ನೋಡಿಕೊಳ್ಳಬೇಕು. ಡಿಸ್ಕ್ ಇದ್ದರೆ ಆಯಿತು ಎನ್ನುವಂತೆಯೂ ಇಲ್ಲ: ಸೋನಿಯ ಗೇಮ್ ಯಂತ್ರ ಪಿಎಸ್4 ಒಳಗಿನ ಗಡಿಯಾರದ ಬ್ಯಾಟರಿ ಸತ್ತರೆ ನೆಟ್ ಇಲ್ಲದೆ ಡಿಸ್ಕ್ ಕೂಡ ಓಡದ ದೋಷವಿತ್ತು, ಅದು ಸರಿಹೋದದ್ದು 2021ರ ಸೆಪ್ಟೆಂಬರಿನ 9.00 ಫರ್ಮ್‌ವೇರ್‌ನಲ್ಲಿ. ಹಳೆಯ ಪಿಎಸ್4 ಕೊಳ್ಳುವವರು ಅದನ್ನು ಮೊದಲು ಹಾಕಿಕೊಳ್ಳಬೇಕು. ನಿಂಟೆಂಡೊದ ಗೇಮ್ ಯಂತ್ರ ಸ್ವಿಚ್ 2ರ ‘ಗೇಮ್-ಕೀ ಕಾರ್ಡ್’ ಎಂಬುದರಲ್ಲಂತೂ ಗೇಮೇ ಇರುವುದಿಲ್ಲ, ಬರೀ ಬೀಗದ ಕೈ.

ಪಟ್ಟಾ ಜಮೀನಿಗೆ ಸಮೀಪದ್ದೆಂದರೆ ಜಿಒಜಿ ಎಂಬ ಆನ್‌ಲೈನ್ ಅಂಗಡಿಯ ಆಫ್‌ಲೈನ್ ಇನ್‌ಸ್ಟಾಲರ್. ಒಂದು ಸೆಟಪ್ ಫೈಲು, ದೊಡ್ಡ ಗೇಮಾದರೆ ಜೊತೆಗೆ ಸುಮಾರು 4 ಜಿಬಿಯ ‘ಬಿನ್’ ತುಂಡುಗಳು. ಒಂದು ತುಂಡು ತಪ್ಪಿದರೂ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುತ್ತದೆ. 100 ಜಿಬಿಯ ಗೇಮ್ 40 ಎಂಬಿಪಿಎಸ್ ಫೈಬರ್‌ನಲ್ಲಿ ಐದೂವರೆ ಗಂಟೆ, ದಿನಕ್ಕೆ 1.5 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ 67 ದಿನ, ಅಂದರೆ ಏಪ್ರಿಲ್ ಮೊದಲ ವಾರ ಹಚ್ಚಿದರೆ ಮೃಗಶಿರ ಮಳೆ ಬೀಳುವಾಗ ಮುಗಿಯುತ್ತದೆ. ಕಾನೂನುಬದ್ಧವಾಗಿ ಪ್ರತಿ ಇರುವವರು ನಷ್ಟವಾದೀತೆಂದು ಬ್ಯಾಕಪ್ ಇಟ್ಟುಕೊಳ್ಳಲು ಕೃತಿಸ್ವಾಮ್ಯ ಕಾಯ್ದೆಯ 52(1)(ಎಎ) ಅವಕಾಶ ಕೊಡುತ್ತದೆ. ಎರಡು ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡುವುದು. ಡಬ್ಬಿ ಮುಚ್ಚುವ ಮೊದಲು ವೈಫೈ ಆರಿಸಿ ಒಮ್ಮೆ ಅದರಿಂದಲೇ ಇನ್‌ಸ್ಟಾಲ್ ಮಾಡಿ, ಮೊದಲ ಹಂತ ಆಡಿ, ಸೇವ್ ಆಗುತ್ತದೆಯೇ ನೋಡುವುದು.